ಒಂದು ಮೆಟ್ಟಿಲು ನೀಲಿ

ಅಕ್ಟೋಬರ್ 15, ಭಾನುವಾರ

ಕೊನೆಗೂ ಸಿಕ್ಕಿತು. ಇಷ್ಟು ದಿನ ಕ್ಯಾಮೆರಾದ ಸೆಟ್ಟಿಂಗುಗಳನ್ನು ತಿರುವಿ ತಿರುವಿ ಹುಡುಕುತ್ತಿದ್ದ ಬಣ್ಣ ಇವತ್ತು ಮಧ್ಯಾಹ್ನ ನಮ್ಮ ಅಡಿಗೆಮನೆಯಲ್ಲಿ ಸಿಕ್ಕಿತು. ಬಿಳಿ ಎಷ್ಟು ಬಿಳಿಯಾಗಿ ಕಾಣಬೇಕು ಎಂದು ಹೇಳುವ ವೈಟ್ ಬ್ಯಾಲೆನ್ಸಿನಲ್ಲಿ ಕೆಂಪು ಮೂರು ಮೆಟ್ಟಿಲು ಮೇಲೆ, ನೀಲಿ ಐದು ಮೆಟ್ಟಿಲು ಕೆಳಗೆ; ನೀಲಿ ಇಳಿದಷ್ಟೂ ಹಳದಿ ಏರುತ್ತದೆ. ನೆರಳು ಮೆದು. ಬೆಳಕಿನ ತುದಿಗಳನ್ನು ತಗ್ಗಿಸಿದ್ದೇನೆ. ಮೇಲೆ ಹಳೆಯ ರೀಲಿನಲ್ಲಿ ಇರುತ್ತಿದ್ದಂಥ ಸಣ್ಣ ಕಾಳು ಕಾಳು. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ಒಳಗೇ ಆ ಬಣ್ಣ ಕಾಣುತ್ತದೆ. ಗುಂಡಿ ಒತ್ತುವ ಮೊದಲೇ ಅಡಿಗೆಮನೆ ಒಂದು ಹಳೆಯ ನೆನಪಾಗಿಬಿಟ್ಟಿರುತ್ತದೆ.

ಅಪ್ಪ ತೆಗೆದ ಫೋಟೋಗಳ ಬಣ್ಣ ಇದು. ಆ ಆಲ್ಬಮ್ಮಿನಲ್ಲಿ ಎಲ್ಲರೂ ಈಗಷ್ಟೇ ಒಳ್ಳೆಯ ಸುದ್ದಿ ಕೇಳಿದವರ ಹಾಗೆ ಕಾಣುತ್ತಾರೆ. ಹಾಗಿರಲಿಲ್ಲ ಎಂಬುದು ನನಗೆ ಗೊತ್ತು. ಅದು ಅಪ್ಪನಿಗೆ ಗಣಿಯಲ್ಲಿ ಕೆಲಸ ನಿಂತ ವರ್ಷ. ಆದರೂ ಆ ಬಣ್ಣ ನೋಡಿದರೆ ನನಗೆ ಹಸಿವಾಗುತ್ತದೆ.

ನಮ್ಮ ಕ್ಯಾಮೆರಾ ಕೂಟದಲ್ಲಿ ಇಂಥ ಸೆಟ್ಟಿಂಗುಗಳಿಗೆ ರೆಸಿಪಿ ಎನ್ನುತ್ತೇವೆ. ಪ್ರತಿಯೊಂದಕ್ಕೂ ಹೆಸರಿಡಬೇಕು. ನನ್ನದಕ್ಕೆ 'ಜೇನು ಶೀಶೆ' ಎಂದಿಟ್ಟೆ. ಈ ಚಳಿಗಾಲದ ಕಟ್ಟಳೆ ಹೀಗಿದೆ: ಒಬ್ಬರಿಗೆ ಒಂದೇ ವಸ್ತು, ಒಂದೇ ರೆಸಿಪಿ, ದಿನಕ್ಕೊಂದು ಚಿತ್ರ. ಏಪ್ರಿಲಿನಲ್ಲಿ ಲೈಬ್ರರಿಯ ನೆಲಮಾಳಿಗೆಯಲ್ಲಿ ಪ್ರದರ್ಶನ. ಕಂಪ್ಯೂಟರಿನಲ್ಲಿ ತಿದ್ದುವಂತಿಲ್ಲ. ಕ್ಯಾಮೆರಾ ಕಂಡದ್ದನ್ನು ಕಂಡಂತೆ ಉಳಿಸುವ ಕಚ್ಚಾ ಫೈಲನ್ನೂ ಇಟ್ಟುಕೊಳ್ಳುವಂತಿಲ್ಲ. "ವಾಪಸ್ ಹೋಗೋ ದಾರಿ ಇಟ್ಕೊಂಡು ಹೊರಟವನು ಫೋಟೋಗ್ರಾಫರ್ ಅಲ್ಲ, ವಕೀಲ" ಎನ್ನುತ್ತಾರೆ ಕೂಟದ ಹಿರಿಯ ಲೊವೆಲ್.

ನನ್ನ ವಸ್ತು ಗ್ಲೆನ್. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡನನ್ನು ಯಾಕೆ ಆರಿಸಿಕೊಂಡೆ ಎಂದು ಕೇಳಿಕೊಂಡೆ. ಅಲ್ಲಾಡದೆ ಕೂರುತ್ತಾನೆ ಎಂಬುದಕ್ಕಿಂತ ಒಳ್ಳೆಯ ಉತ್ತರ ಸಿಗಲಿಲ್ಲ.

ಮೊದಲ ಚಿತ್ರ ತೋರಿಸಿದೆ. "ನನ್ನನ್ನ ಉಪ್ಪಿನಕಾಯಿ ಹಾಕ್ತಿದೀಯಲ್ಲೇ ಡೀನಾ" ಎಂದ.

"ಜೇನಲ್ಲಿ ಹಾಕ್ತಿದೀನಿ."

"ಒಟ್ನಲ್ಲಿ ಬಾಟ್ಲಿಗೆ ತಾನೆ."

ನವೆಂಬರ್ 5, ಭಾನುವಾರ

ಚಳಿಗಾಲ ಬಂತೆಂದು ಇವತ್ತು ಎಲ್ಲರ ಗಡಿಯಾರವೂ ಒಂದು ಗಂಟೆ ಹಿಂದಕ್ಕೆ. ಸಂಜೆ ಊಟದ ಹೊತ್ತಿಗೆ ಸರೋವರ ಕಪ್ಪಾಗಿರುತ್ತದೆ. ಗ್ಲೆನ್ ಓಡಿಸುವುದು ಊರಿನ ಹಿಮ ತಳ್ಳುವ ಹಳದಿ ಟ್ರಕ್ಕು. ಮಂಜು ಬಿದ್ದ ದಿನ ಅವನು ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ನಾನು ಅವನನ್ನು ನೋಡುವುದು ದೀಪದ ಕೆಳಗೆ, ಅದರಲ್ಲಿ ಅರ್ಧ ಹೊತ್ತು ಕಿಂಡಿಯಿಂದ. ಶಾಲೆಯ ಲೈಬ್ರರಿಯಲ್ಲಿ ನನ್ನ ಕೆಲಸ ಈ ವರ್ಷ ಅರ್ಧ ದಿನಕ್ಕೆ ಇಳಿದಿದೆ. ಉಳಿದರ್ಧ ದಿನ ಅವನು ಬಂದು ಕೂರಲೆಂದು ಕಾಯುತ್ತೇನೆ. ಹೀಗೆ ಕಾದು ಎಷ್ಟು ಕಾಲವಾಗಿತ್ತು.

ಇವತ್ತಿನ ಚಿತ್ರ: ಫ್ರಿಜ್ಜಿಗೆ ಒರಗಿ ನಿಂತು ಸೂಪ್ ಕುಡಿಯುತ್ತಿದ್ದಾನೆ. ಅರ್ಧ ಬಟ್ಟಲು ಸಿಂಕಿಗೆ ಸುರಿದ. ಕಾಫಿಯೂ ಯಾಕೋ ರುಚಿಸುತ್ತಿಲ್ಲವಂತೆ. ಕಂಪನಿ ಕಾಫಿಪುಡಿಯ ಗುಣ ಬದಲಿಸಿದೆ ಎಂದ. ಬೇರೆ ಡಬ್ಬ ತರಬೇಕು.

ನವೆಂಬರ್ 11

ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತಾನೆ. ಹೀಟರ್ ಹಾಕಿದ ಮೇಲೆ ಪ್ರತಿ ವರ್ಷವೂ ಚರ್ಮ ಒಣಗುತ್ತದೆ. ಬೆನ್ನಿಗೆ ಮುಲಾಮು ಹಚ್ಚಿದೆ.

"ಉಗುರಲ್ಲಿ ಕೆರಿಯೇ. ಸವರಬೇಡ."

"ರಕ್ತ ಬರತ್ತೆ."

"ಬರ್ಲಿ ಬಿಡು, ಬೆನ್ನು ನಂದು."

ಅವನ ಬೆನ್ನನ್ನು ಮುಟ್ಟಿಯೂ ಬಹಳ ಕಾಲವಾಗಿತ್ತು. ಈ ಫೋಟೋಗಳು ನಮಗೆ ಒಳ್ಳೆಯದು ಮಾಡುತ್ತಿವೆಯೇನೋ.

ನವೆಂಬರ್ 12, ಭಾನುವಾರ

ಕೂಟದಲ್ಲಿ ಎಲ್ಲರೂ ತಮ್ಮ ತಮ್ಮ ಚಿತ್ರ ತೋರಿಸಿದೆವು. ಲೊವೆಲ್ ಹಡಗುಕಟ್ಟೆಯನ್ನು ತೆಗೆಯುತ್ತಿದ್ದಾರೆ, ಚೆನ್ನಾಗಿಲ್ಲ, ಯಾರೂ ಹೇಳಲಿಲ್ಲ. ನನ್ನ ಚಿತ್ರಗಳು ಬಂದಾಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಆ ಮುಖದ ಮೇಲೆ ಅದೆಂಥ ಬೆಳಕಮ್ಮ! ಒಳಗಿಂದ ಬಂದ ಹಾಗಿದೆ" ಎಂದರು ಲೊವೆಲ್. ಹೊಗಳಿಕೆ ಬಂದರೆ ನಾನು ಸಾಮಾನ್ಯವಾಗಿ ಅದರ ಹಿಂದೆ ಏನಿದೆ ಎಂದು ಹುಡುಕುತ್ತೇನೆ. ಇವತ್ತು ಹುಡುಕಲಿಲ್ಲ. ಕಾರಿನಲ್ಲಿ ಒಬ್ಬಳೇ ನಗುತ್ತ ಬಂದೆ.

ನವೆಂಬರ್ 16

ಒಂದು ಸಣ್ಣ ಕಳ್ಳತನ ಮಾಡಿದೆ. ನಾಲ್ಕೈದು ದಿನದಿಂದ ಚಿತ್ರಗಳಲ್ಲಿ ಹಳದಿ ತುಸು ಹೆಚ್ಚಾಗುತ್ತಿದೆ ಅನಿಸುತ್ತಿತ್ತು. ಅಡಿಗೆಮನೆಯ ಬಲ್ಬು ಹಳೆಯದಾಗಿರಬೇಕು. ನೀಲಿಯನ್ನು ಒಂದು ಮೆಟ್ಟಿಲು ಏರಿಸಿದೆ. ಈಗ ಸರಿಹೋಯಿತು.

ಚಳಿಗಾಲ ಪೂರ್ತಿ ಒಂದೇ ರೆಸಿಪಿ ಎಂಬ ಕಟ್ಟಳೆ ಮುರಿದಂತಾಯಿತು. ಒಂದು ಮೆಟ್ಟಿಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಮನಸ್ಸಿಗೆ ಇರುಸುಮುರುಸು. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಯೋಚಿಸುವವಳು ದೊಡ್ಡದು ಬಂದರೆ ಏನು ಮಾಡುತ್ತೇನೋ.

ನವೆಂಬರ್ 23, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಗ್ಲೆನ್‌ನ ಅಕ್ಕ ಪೆಗ್ ಟೂ ಹಾರ್ಬರ್ಸ್ ಊರಿನಿಂದ ಬಂದಳು, ಕಾಡಕ್ಕಿ ಹಾಕಿ ಬೇಯಿಸಿದ ಹಾಟ್‌ಡಿಶ್ಶಿನ ಪಾತ್ರೆ ಹೊತ್ತು. ಬೇಸಿಗೆಯ ನಂತರ ಅವಳು ಬಂದಿರಲಿಲ್ಲ. ಹೊಸ ಮಂಜಿನ ಮೇಲೆ ಬಿಸಿಲು ಬಿದ್ದು ಬೀದಿಯೆಲ್ಲ ಕಣ್ಣು ಕೋರೈಸುತ್ತಿತ್ತು. ಗ್ಲೆನ್ ಅವಳ ಕೈಯಿಂದ ಪಾತ್ರೆ ಇಳಿಸಿಕೊಳ್ಳಲು ಮೆಟ್ಟಿಲಿಳಿದು ಹೋದ.

ಪೆಗ್ ಪಾತ್ರೆ ಕೊಡಲಿಲ್ಲ. ಹಾಗೇ ಹಿಡಿದು ನಿಂತಳು.

"ಲೋ, ತಿರುಗೋ ಈ ಕಡೆ. ಸೂರ್ಯನ ಕಡೆ."

"ಯಾಕೆ, ನಿನ್ನ ಸಾಕ್ಷಾತ್ಕಾರಕ್ಕೋ?"

"ಬಾಯ್ಮುಚ್ಚು. ಕಣ್ಣು ಅಗಲಿಸು." ಆಮೇಲೆ ಬಾಗಿಲಲ್ಲಿದ್ದ ನನ್ನ ಕಡೆ ನೋಡಿದಳು. "ಡೀನಾ, ಇವನು ಯಾವಾಗಿಂದ ಹಿಂಗೆ ಹಳದಿಯಾಗಿದಾನೆ?"

ಕೆಳಗಿಳಿದು ಹೋಗಿ ನೋಡಿದೆ. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಕುತ್ತಿಗೆ, ಕಿವಿ, ಉಗುರಿನ ಬುಡ. ಬಿಳಿ ಮಂಜಿನ ಎದುರು ಅವನು ಬೇರೆ ಯಾರೋ ತೆಗೆದ ಫೋಟೋದಿಂದ ಕತ್ತರಿಸಿ ಅಂಟಿಸಿದ ಹಾಗಿದ್ದ.

ನನ್ನ ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿತ್ತು.

ನವೆಂಬರ್ 28

ಆಸ್ಪತ್ರೆ. ಪೆಗ್ಗೂ ಜೊತೆಗಿದ್ದಳು. ರಕ್ತ, ಸ್ಕ್ಯಾನು. ಚಿಕ್ಕ ವಯಸ್ಸಿನ ಡಾಕ್ಟರು, ಹೆಂಗಸು, ಒಳ್ಳೆಯವರು.

"ಹಳದಿ ಶುರುವಾಗಿ ಎಷ್ಟು ದಿನ ಆಗಿರ್ಬಹುದು?"

ನಾವು ಮುಖ ಮುಖ ನೋಡಿಕೊಂಡೆವು.

"ಈಚಿನ ಫೋಟೋ ಏನಾದ್ರೂ ಇದೆಯಾ? ಕೆಲವು ಸಲ ಅದ್ರಲ್ಲಿ ಗೊತ್ತಾಗತ್ತೆ."

"ಫೋಟೋನಾ?" ಎಂದಳು ಪೆಗ್. "ಇವಳು ಅವನನ್ನ ದಿನಾ ತೆಗೀತಾಳೆ."

ಕ್ಯಾಮೆರಾ ಕೊಟ್ಟೆ. ಡಾಕ್ಟರು ಒಂದೊಂದೇ ಚಿತ್ರ ಸರಿಸುತ್ತ ಹೋದರು. ಅವರಿಗೆ ಸಹಾಯವಾಗಲೆಂದು ನಾನು ರೆಸಿಪಿಯ ಬಗ್ಗೆ ವಿವರಿಸಿದೆ: ಕೆಂಪು ಇಷ್ಟು, ನೀಲಿ ಇಷ್ಟು. ನನ್ನ ದನಿ ನನಗೇ ಕೇಳುತ್ತಿತ್ತು. ಪಾಠ ಹೇಳುವವರ ದನಿ.

"ಚೆನ್ನಾಗಿವೆ" ಎಂದರು ಡಾಕ್ಟರು ಮೃದುವಾಗಿ. "ಆದ್ರೆ ಇದ್ರಲ್ಲಿ ಗೋಡೇನೂ ಹಂಗೇ ಇದೆ, ಟವೆಲ್ಲೂ ಹಂಗೇ ಇದೆ. ಮೂಲ ಫೈಲು ಇದೆಯಾ?"

ಇಲ್ಲ ಎಂದೆ.

ಡಿಸೆಂಬರ್ 1

ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ, ಕ್ಯಾನ್ಸರ್. ಪಿತ್ತದ ನಾಳವನ್ನು ಒತ್ತಿ ಹಿಡಿದಿದೆ, ಅದಕ್ಕೇ ಹಳದಿ, ಅದಕ್ಕೇ ಕೆರೆತ. ಯಕೃತ್ತಿನಲ್ಲೂ ಚುಕ್ಕೆಗಳಿವೆ. ಶಸ್ತ್ರಚಿಕಿತ್ಸೆಯ ಹಂತ ದಾಟಿದೆ. ಮಂಗಳವಾರ ನಾಳಕ್ಕೆ ಒಂದು ಸಣ್ಣ ಕೊಳವೆ ಇಡುತ್ತಾರೆ, ಪಿತ್ತ ಹರಿದುಹೋಗಲು. ಅದು ಆರಾಮಕ್ಕೆ, ಗುಣಕ್ಕಲ್ಲ.

ಗ್ಲೆನ್ ಕೇಳಿದ್ದು ಒಂದೇ: "ಈ ಚಳಿಗಾಲ ಟ್ರಕ್ ಓಡಿಸ್ಬಹುದಾ?"

ಡಿಸೆಂಬರ್ 3

ಬರೆಯಲು ಕೂತೆ.

ಡಿಸೆಂಬರ್ 9, ಶನಿವಾರ

ಅವನು ಮಲಗಿದ್ದ. ಅಕ್ಟೋಬರ್, ನವೆಂಬರಿನ ಚಿತ್ರಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ತೆರೆದು, ಹಾಕಿದ್ದ ಬಣ್ಣವನ್ನು ವಾಪಸ್ ಕಳೆಯಲು ನೋಡಿದೆ. ಆಗುವುದಿಲ್ಲ. ಹಾಲಿಗೆ ಬೆರೆತ ಸಕ್ಕರೆಯನ್ನು ಹೆಕ್ಕಿ ತೆಗೆಯುವ ಕೆಲಸ. ಹಳದಿ ತೆಗೆದರೆ ಮುಖ ಬೂದಿ, ಬಿಟ್ಟರೆ ಜೇನು.

ಆಮೇಲೆ ಫ್ರಿಜ್ಜು ಕಣ್ಣಿಗೆ ಬಿತ್ತು. ಎಷ್ಟೋ ಚಿತ್ರಗಳಲ್ಲಿ ಅವನ ಹಿಂದೆ ಇದೆ, ಬಿಳಿ ಫ್ರಿಜ್ಜು. ಅಕ್ಟೋಬರಿನಲ್ಲಿ ಫ್ರಿಜ್ಜೂ ಅವನ ಕಣ್ಣಿನ ಬಿಳಿಯೂ ಒಂದೇ ಹಳದಿ. ನವೆಂಬರ್ ಹದಿನಾರರಂದು, ನಾನು ನೀಲಿಯನ್ನು ಒಂದು ಮೆಟ್ಟಿಲು ಏರಿಸಿದ ಮೊದಲ ಚಿತ್ರದಲ್ಲಿ, ಫ್ರಿಜ್ಜು ಬಿಳಿಯ ಹತ್ತಿರ ಬಂದಿದೆ. ಅವನ ಕಣ್ಣು ಹಳದಿಯಾಗಿಯೇ ಉಳಿದಿದೆ.

ಬಲ್ಬು ಹಳೆಯದಾಗಿರಲಿಲ್ಲ.

ಅಂದರೆ ನಾನು ನೋಡಿದ್ದೆ. ಇದನ್ನು ಸರಿಯಾಗಿ ಬರೆಯಬೇಕು. ನೋಡಿರಲಿಲ್ಲ ಎಂದಾಗಿದ್ದರೆ ಬೇರೆ ಮಾತು. ನನ್ನ ಕಣ್ಣು ನೋಡಿತು, ಹಳದಿ ಹೆಚ್ಚುತ್ತಿದೆ ಎಂದು ನನಗೆ ಹೇಳಿತು, ನಾನು ಗಂಡನ ಕಡೆ ತಿರುಗುವ ಬದಲು ಗುಂಡಿಯ ಕಡೆ ಕೈ ಹಾಕಿದೆ. ರೋಗವನ್ನು ತಿದ್ದಿ ಚಂದ ಮಾಡಿದೆ. ಮಾಡಿದ ಮೇಲೆ ಕೂಟದ ಕಟ್ಟಳೆ ಮುರಿದೆನಲ್ಲ ಎಂದು ನಾಚಿದೆ.

ಆ ವಾರವೇ ಹೋಗಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. "ಬಹುಶಃ ಇಲ್ಲ" ಎಂದರು. ಅಷ್ಟರಲ್ಲೇ ಹರಡಿಯಾಗಿತ್ತಂತೆ. ಅವರು ಕರುಣೆಯಿಂದ ಹೇಳಿದ್ದೋ ತಿಳಿದು ಹೇಳಿದ್ದೋ. 'ಇಲ್ಲ' ಎಂಬ ಮಾತನ್ನು ಹಿಡಿದುಕೊಳ್ಳಲು ಹೋದರೆ 'ಬಹುಶಃ' ಕೈಗೆ ಬರುತ್ತದೆ.

ಡಿಸೆಂಬರ್ 22

ಕೊಳವೆ ಕೆಲಸ ಮಾಡಿದೆ. ಮೈ ಕೆರೆತ ನಿಂತಿದೆ. ಹಳದಿ ದಿನದಿಂದ ದಿನಕ್ಕೆ ಇಳಿದು ಇವತ್ತು ಪೂರ್ತಿ ಹೋಗಿದೆ. ಪೆಗ್ ಬಂದವಳು ಬಾಗಿಲಲ್ಲೇ, "ನೋಡು, ಬಣ್ಣ ಬಂತು ನನ್ನ ತಮ್ಮನಿಗೆ" ಎಂದು ಅವನ ಕೆನ್ನೆ ಹಿಂಡಿದಳು. ಅತ್ತಳು ಕೂಡ.

ಅವಳು ಹೋದ ಮೇಲೆ ಕ್ಯಾಮೆರಾದ ಎಲ್ಲ ಸೆಟ್ಟಿಂಗುಗಳನ್ನೂ ಅಳಿಸಿದೆ, ಅಂಗಡಿಯಿಂದ ಬಂದಾಗ ಇದ್ದ ಹಾಗೆ. ಅವನನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಸರಿಮಾಡಿ, ಕಚ್ಚಾ ಫೈಲನ್ನೂ ಇಟ್ಟುಕೊಂಡು ಒಂದು ಚಿತ್ರ ತೆಗೆದೆ. ಏನೂ ಬೆರೆಸದ ಚಿತ್ರ. ಇನ್ನು ಮೇಲೆ ಇದ್ದುದನ್ನು ಇದ್ದ ಹಾಗೆ ತೆಗೆಯುತ್ತೇನೆ ಎಂದು ನಿಶ್ಚಯಿಸಿದ್ದೆ.

ಚಿತ್ರದಲ್ಲಿರುವವನು ಆರೋಗ್ಯವಂತ. ಕೆನ್ನೆ ನಸುಗೆಂಪು, ಕಣ್ಣು ಬಿಳಿ. ತೂಕ ಇಳಿದು ಹತ್ತು ವರ್ಷ ಚಿಕ್ಕವನಾಗಿದ್ದಾನೆ. ಯಾರಿಗಾದರೂ ತೋರಿಸಿದರೆ ರಜೆಗೆ ಹೋಗಿ ಬಂದನೇ ಎಂದು ಕೇಳುತ್ತಾರೆ.

ಬಹಳ ಹೊತ್ತು ನೋಡಿದೆ. ಇದಕ್ಕಿಂತ ದೊಡ್ಡ ಸುಳ್ಳನ್ನು ಜೇನು ಶೀಶೆಯೂ ಹೇಳಿರಲಿಲ್ಲ. ಕ್ಯಾಮೆರಾವನ್ನು ಹೊದಿಕೆಗಳ ಕಪಾಟಿನಲ್ಲಿ ಇಟ್ಟೆ.

ಡಿಸೆಂಬರ್ 27

ಇವತ್ತು ಅವನಿಗೆ ಹೇಳಿದೆ. ಬಲ್ಬು, ಒಂದು ಮೆಟ್ಟಿಲು, ಫ್ರಿಜ್ಜು, ಎಲ್ಲ. ಅವನು ಮೊಟ್ಟೆ ತಿನ್ನಲು ಪ್ರಯತ್ನಿಸುತ್ತಿದ್ದ. ಫೋರ್ಕು ಕೆಳಗಿಟ್ಟ.

"ನಂಗೆ ಗೊತ್ತಿತ್ತು ಕಣೇ."

"ಏನು ಗೊತ್ತಿತ್ತು?"

"ಅಕ್ಟೋಬರ್ ಕೊನೇಲಿ, ಹಾಲೋವೀನ್ ಹೊತ್ತಿಗೇ ಉಚ್ಚೆ ಕಾಫಿ ಬಣ್ಣ ಬರ್ತಿತ್ತು. ಗ್ಯಾರೇಜಲ್ಲಿ ಹುಡುಗ್ರೂ ರೇಗಿಸ್ತಿದ್ರು, 'ಏನಯ್ಯಾ, ಟ್ರಕ್ಕಿನ ಬಣ್ಣ ನಿನಗೂ ಅಂಟ್ಕೊಂಡಿತಾ' ಅಂತ."

"ಮತ್ತೆ ಹೇಳ್ಬಾರದಿತ್ತಾ!"

ಅವನು ಹೇಳಲೋ ಬೇಡವೋ ಎಂದು ಯೋಚಿಸಿದ್ದು ಕಂಡಿತು. "ಮನೆಗ್ಬಂದು ಕನ್ನಡಿ ನೋಡ್ಕೊಳ್ತಿದ್ದೆ. ಹಳದಿ ಅನ್ಸೋದು. ಆಮೇಲೆ ನಿನ್ನ ಫೋಟೋ ನೋಡ್ತಿದ್ದೆ. ಅದ್ರಲ್ಲಿ ಫ್ರಿಜ್ಜೂ ಹಳದಿ, ಸೂಪೂ ಹಳದಿ, ನಾನೂ ಹಳದಿ. ಚೆನ್ನಾಗೇ ಕಾಣ್ತಿದ್ದೆ. ಸರಿ, ಈ ಮನೇಲಿ ಎಲ್ಲಾ ಹಿಂಗೇ, ನಾನೊಬ್ಬನೇ ಏನಲ್ಲ ಅಂದ್ಕೊಂಡು ಮಲಗ್ತಿದ್ದೆ."

ತಣ್ಣಗಾದ ಮೊಟ್ಟೆಯ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ.

"ನೀನು ಖುಷಿಯಾಗಿದ್ದೆ ಬೇರೆ" ಎಂದ.

ಇದನ್ನು ಬರೆದಿಡಬೇಕೋ ಬೇಡವೋ ಎಂದು ಸಂಜೆಯಿಂದ ಯೋಚಿಸುತ್ತಿದ್ದೆ. ಬರೆದೆ. ಇದರಿಂದ ತಪ್ಪಿನಲ್ಲಿ ನನ್ನ ಪಾಲು ಕಡಿಮೆಯಾಯಿತೋ ಹೆಚ್ಚಾಯಿತೋ ತಿಳಿಯುವುದಿಲ್ಲ. ಇಬ್ಬರಿಗೂ ಕಂಡಿತ್ತು. ಇಬ್ಬರೂ ಅದೇ ಚಿತ್ರಗಳ ಹಿಂದೆ ಅಡಗಿ ಕೂತಿದ್ದೆವು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಜನವರಿ 17, ಬುಧವಾರ

ಎರಡನೆಯ ಸುತ್ತಿನ ಕೀಮೋ. ವಾಂತಿ. ಅವನ ಬೆರಳಿಗೆ ತಣ್ಣನೆಯದು ಏನು ತಗುಲಿದರೂ ಸೂಜಿ ಚುಚ್ಚಿದ ಹಾಗಂತೆ. ಈ ಊರಿನಲ್ಲಿ, ಜನವರಿಯಲ್ಲಿ. ಬಾಗಿಲ ಹಿಡಿಕೆಗೆ ಕಾಲುಚೀಲ ಸುತ್ತಿದ್ದೇನೆ.

ಲೊವೆಲ್ ಫೋನ್ ಮಾಡಿದರು. ಏಪ್ರಿಲಿನ ಪ್ರದರ್ಶನಕ್ಕೆ ನನ್ನ ಅಷ್ಟೂ ಚಿತ್ರಗಳಿಗೆ ಎದುರು ಗೋಡೆಯನ್ನೇ ಬಿಟ್ಟಿದ್ದಾರಂತೆ. ಗ್ಲೆನ್‌ನ ವಿಷಯ ಅವರಿಗೆ ಗೊತ್ತು. ಅದಕ್ಕೇ ಇನ್ನಷ್ಟು ಬೇಕು ಎಂಬುದು ದನಿಯಲ್ಲಿತ್ತು. ಕೆಟ್ಟವರಲ್ಲ.

"ಕೊಡಕ್ಕಾಗಲ್ಲ ಲೊವೆಲ್. ನಾನು ಕಟ್ಟಳೆ ಮುರಿದಿದೀನಿ. ಮಧ್ಯದಲ್ಲಿ ನೀಲಿ ಒಂದು ಮೆಟ್ಟಿಲು ಏರಿಸ್ದೆ."

"ಅಯ್ಯೋ, ಒಂದು ಮೆಟ್ಟಿಲು ತಾನೆ? ಬಿಡಮ್ಮ, ಯಾರಿಗೂ ಗೊತ್ತಾಗಲ್ಲ."

"ಹೌದು. ನಂಗೂ ಗೊತ್ತಾಗ್ಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಫೋನಿಟ್ಟೆ.

ಫೆಬ್ರವರಿ 20

ಕೀಮೋ ನಿಲ್ಲಿಸಿದೆವು. 'ನಿಲ್ಲಿಸಿದ' ಎಂದು ಬರೆಯಬೇಕು. ನಿರ್ಧಾರ ಅವನದು. ಯಕೃತ್ತಿನ ಚುಕ್ಕೆಗಳು ದೊಡ್ಡವಾಗಿವೆ. ಇನ್ನು ಆಸ್ಪತ್ರೆಗೆ ಹೋಗುವುದಿಲ್ಲ, ಕೊಳವೆ ಕಟ್ಟಿಕೊಂಡು ಮತ್ತೆ ಹಳದಿಯಾದರೂ ಹೋಗುವುದಿಲ್ಲ, ನೋವಿಗೆ ಔಷಧ ಮನೆಗೇ ಬರಲಿ ಎಂದು ಡಾಕ್ಟರ ಎದುರೇ ಹೇಳಿದ. ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಒಪ್ಪಿ ಆಡಿಸಿದ್ದಲ್ಲ. ಕೇಳಿಸಿತು ಎಂದು ಆಡಿಸಿದ್ದು.

ಕಾರಿನಲ್ಲಿ ಕೂತು ಅತ್ತೆ. ಅವನು ಹೀಟರಿನ ಗಾಳಿಯನ್ನು ನನ್ನ ಕಡೆ ತಿರುಗಿಸಿದ.

ಮಾರ್ಚ್ 11

ಮಂಚವನ್ನು ಹಜಾರಕ್ಕೆ ತಂದೆವು. ಉಸಿರು ಒಳಗೆ ಹೋಗುವಾಗ ಸಣ್ಣಗೆ ತಡೆಯುತ್ತದೆ, ಬಾಗಿಲು ನೆಲಕ್ಕೆ ತಾಗಿದ ಹಾಗೆ. ಕೈ ಹಗುರ. ಪಾದ ಬಾತು ಭಾರ. ಎತ್ತಿ ದಿಂಬಿನ ಮೇಲಿಡುವಾಗ ಎರಡೂ ಕೈ ಬೇಕು. ಇಂಗ್ಲಿಷ್ ಮಫಿನ್ನಿನ ಒಳಗಿನ ಮೆದು ಭಾಗ ಮಾತ್ರ ತಿನ್ನುತ್ತಾನೆ, ಬೆಣ್ಣೆ ಬೇಡ. ಬೀದಿಯಲ್ಲಿ ಹಿಮ ತಳ್ಳುವ ಟ್ರಕ್ಕು ಹೋದರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಾನೆ: "ಅಲಗು ಎತ್ತಿ ಹಿಡಿದಿದಾನೆ, ಸೋಮಾರಿ."

ಮಾರ್ಚ್ 24

ಪೆಗ್ ಅವನ ಗಡ್ಡ ಹೆರೆದಳು. ಒಬ್ಬರಿಗೊಬ್ಬರು ಬೈದಾಡಿದರು. "ಚಿಕ್ಕವನಿದ್ದಾಗ್ಲೇ ಹಿಡಿದು ಸರೋವರಕ್ಕೆ ಎಸೀಬೇಕಿತ್ತು ನಿನ್ನ." "ಎಸೆದಿದ್ಯಲ್ಲ. ಈಜಿ ಬಂದೆ."

ಸಂಜೆ ಅವನು ಮಲಗಿದ ಮೇಲೆ ಪೆಗ್ ಪಾತ್ರೆ ಒರೆಸುತ್ತ, "ನೀನು ಮೊದಲೇ ನೋಡಿದ್ದಿದ್ರೆ ಅಂತ ನಂಗೆ ಅನ್ಸತ್ತೆ ಡೀನಾ. ಅನ್ಸಬಾರದು, ಆದ್ರೂ ಅನ್ಸತ್ತೆ" ಎಂದಳು.

"ನಂಗೂ" ಎಂದೆ.

ಇಬ್ಬರೂ ಒರೆಸುತ್ತಲೇ ಇದ್ದೆವು.

ಏಪ್ರಿಲ್ 6, ಶನಿವಾರ

ಬೆಳಿಗ್ಗೆ ಮೈ ಒರೆಸಲು ಬಿಸಿನೀರು ತಂದೆ. ಮೊದಲು ಮುಖ, ಆಮೇಲೆ ಕಿವಿಯ ಹಿಂದೆ. ರೆಪ್ಪೆಯ ಅಂಚಿನಲ್ಲಿ ಕಟ್ಟಿದ್ದ ಪಿಸುರನ್ನು ನೆನೆಸಿ ತೆಗೆದೆ. ಅವನು ಕಣ್ಣು ಬಿಟ್ಟ. ನಾನು ಅಲ್ಲೇ ನಿಲ್ಲಿಸಿದೆ.

"ಏನು?" ಎಂದ.

"ಏನಿಲ್ಲ."

"ಡೀನಾ."

ಬಟ್ಟೆಯನ್ನು ನೀರಿನಲ್ಲಿ ಹಿಂಡಿದೆ. ಮತ್ತೊಮ್ಮೆ ನೋಡಿದೆ, ಕಿಟಕಿಯ ಪರದೆ ಸರಿಸಿ ಇನ್ನೊಮ್ಮೆ ನೋಡಿದೆ.

"ಹಳದಿಯಾಗಿದೀಯ" ಎಂದೆ.

"ಕಣ್ಣಾ?"

"ಕಣ್ಣೇ. ಮೈ ಇನ್ನೂ ಇಲ್ಲ."

"ಯಾವಾಗಿಂದ?"

"ಇವತ್ತಿಂದ. ನಿನ್ನೆ ಸಂಜೆ ಇರ್ಲಿಲ್ಲ."

"ಗ್ಯಾರಂಟೀನಾ?"

"ಗ್ಯಾರಂಟಿ. ನಿನ್ನೆ ಸಂಜೆ ನೋಡಿದ್ದೆ. ನಿನ್ನೆ ಮಧ್ಯಾಹ್ನಾನೂ ನೋಡಿದ್ದೆ."

ನಾನು ಡಾಕ್ಟರಿಗೆ ಫೋನ್ ಮಾಡಲು ಎದ್ದೆ. ಮಾಡಬಾರದು ಎಂಬುದು ಎದ್ದ ಮೇಲೆ ನೆನಪಾಯಿತು. ಆಸ್ಪತ್ರೆಗೆ ಕರೆಯುವುದಿಲ್ಲ ಎಂದು ಅವನು ಆಮೇಲೆ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ನಿಂತೇ ಇದ್ದೆ. ಅವನ ಕೈ ಹೊದಿಕೆಯ ಮೇಲೆ ತಡಕಾಡಿ ನನ್ನ ಏಪ್ರನ್ನಿನ ಅಂಚು ಹಿಡಿದು ಕೆಳಕ್ಕೆ ಎಳೆಯಿತು.

ಕೂತೆ.

"ಈ ಸಲ ನೀನು ಬೇಗ ನೋಡ್ದೆ ಕಣೇ" ಎಂದ.